ಕೊಡೆ ಕಣಾರನ್ ಕರೆಂಟು ಬಿಟ್ಟದ್ದು

ಹನ್ನೊಂದು ದಿನ ನಾನು ಹಸಿ ಹಾಗಲಕಾಯಿ ತಿಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಊರವರನ್ನೆಲ್ಲ ಆಡಿಕೊಳ್ಳುವಾಗ ಯಾರಾದರೂ ಎದ್ದು ನಿಂತು, "ನೀನೇನು ಕಡಿಮೆಯಾ ಮಾರಾಯ?" ಎಂದು ಕೇಳಿಯಾರು. ಕಡಿಮೆ ಅಲ್ಲ. ಇಪ್ಪತ್ತೆರಡು ವರ್ಷದಿಂದ ಊರಿನ ವಾಚನಾಲಯದಲ್ಲಿ ಲೈಬ್ರೇರಿಯನ್ ಆಗಿರುವ ನನ್ನಂಥವನೇ ಹಾಗಲಕಾಯಿಗೆ ಬಾಯಿ ಹಾಕಿದ ಮೇಲೆ ಉಳಿದವರ ಪಾಡನ್ನು ನೀವೇ ಊಹಿಸಿಕೊಳ್ಳಿ.

ಇಷ್ಟಕ್ಕೆಲ್ಲ ಕಾರಣ ಕೊಡೆ ಕಣಾರನ್. ವಡಗರದಿಂದ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಬಂದು ನಮ್ಮೂರಲ್ಲಿ ಇಳಿದರೆ ಎದುರಿಗೇ ಅಂಚೆ ಕಚೇರಿಯ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಗೋಣಿ, ಗೋಣಿಯ ಮೇಲೆ ಕಣಾರನ್. ಮೂವತ್ತು ವರ್ಷದಿಂದ ಅಲ್ಲೇ ಕೂತು ಕೊಡೆ ರಿಪೇರಿ ಮಾಡುತ್ತಿದ್ದಾನೆ. ಹಿಂದೆಲ್ಲ ನಮ್ಮ ಕಡೆ ಕೊಡೆಯೆಂದರೆ ಮನೆಯ ಒಬ್ಬ ಸದಸ್ಯನ ಹಾಗೆ. ಕಡ್ಡಿ ಮುರಿದರೆ ಕಡ್ಡಿ, ಬಟ್ಟೆ ಹರಿದರೆ ಬಟ್ಟೆ, ಹಿಡಿ ಹೋದರೆ ಹಿಡಿ, ಹೀಗೆ ಹಾಕಿಸಿ ಹಾಕಿಸಿ ಕೊನೆಗೆ ಅಪ್ಪನ ಕಾಲದ ಕೊಡೆಯಲ್ಲಿ ಅಪ್ಪನ ಕಾಲದ್ದು ಏನೂ ಉಳಿದಿರುತ್ತಿರಲಿಲ್ಲ. ಆದರೂ ಅದು ಅಪ್ಪನ ಕೊಡೆಯೇ. ಈಗ ಹಾಗಿಲ್ಲ. ಮೂರು ಮಡಿಕೆಯ ಬಣ್ಣದ ಕೊಡೆ ತರುತ್ತಾರೆ, ಗಾಳಿಗೆ ಮಗುಚಿದರೆ ಅಲ್ಲೇ ತೋಡಿಗೆ ಎಸೆದು ಇನ್ನೊಂದು ತರುತ್ತಾರೆ. ಮಳೆಗಾಲದಲ್ಲೇ ಕಣಾರನ್‌ಗೆ ಕೆಲಸ ಕಡಿಮೆ. ವಿಷು ಹಬ್ಬಕ್ಕೆ ಮುಂಚಿನ ಸುಡುಬಿಸಿಲಿನಲ್ಲಂತೂ ಅವನ ಹತ್ತಿರ ಬರುತ್ತಿದ್ದದ್ದು ಒಂದು ನಾಯಿ ಮಾತ್ರ. ಅದೂ ನೆರಳಿಗೆ.

ಹಾಗಾಗಿ ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ಜಾನುವಿನ ಗ್ರೈಂಡರಿನಿಂದ. ದಿನಾ ಅಕ್ಕಿ ಉದ್ದು ನೆನೆಸಿ, ರುಬ್ಬಿ, ದೋಸೆ ಹಿಟ್ಟು ಮಾಡಿ ಅಕ್ಕಪಕ್ಕದ ಹತ್ತು ಮನೆಗೆ ಮಾರುತ್ತಿದ್ದಳು. ಆ ಗ್ರೈಂಡರಿನ ಮೋಟಾರು ಒಂದು ದಿನ ಸುಟ್ಟುಹೋಯಿತು. ಕರೆಂಟು ಬಿಲ್ಲಿಗೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಮೋಟಾರು ರಿಪೇರಿ ಮಾಡಿಸಿದರು. ಗ್ರೈಂಡರು ಸರಿಯಾಯಿತು. ಬಿಲ್ಲು ಹಾಗೇ ಉಳಿಯಿತು. ಗಡುವು ದಾಟಿ ಸರಿಯಾಗಿ ಒಂದು ವಾರಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಲೈನ್‌ಮನ್ ಪವಿತ್ರನ್ ಬಂದು ಹೊರಗೋಡೆಯ ಮೀಟರ್ ಪೆಟ್ಟಿಗೆಯಿಂದ ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿಕೊಂಡು, "ಬೇಜಾರು ಮಾಡ್ಬೇಡಿ ಕಣಾರೇಟ್ಟಾ, ನಂದು ಕೆಲಸ" ಎಂದು ಹೇಳಿ ಹೋದ. ಏಟ್ಟ ಎಂದರೆ ನಮ್ಮ ಕಡೆ ಅಣ್ಣ. ಒಳಗೆ ಗರಗರ ತಿರುಗುತ್ತಿದ್ದ ಗ್ರೈಂಡರು ಅರ್ಧ ಉದ್ದಿಗೆ ನಿಂತುಬಿಟ್ಟಿತು.

ಇಲ್ಲಿ ಈ ಗಂಡಹೆಂಡಿರ ಒಂದು ಪದ್ಧತಿಯನ್ನು ಹೇಳಬೇಕು. ಜಾನು ನನ್ನ ಹೆಂಡತಿಗೆ ಹೇಳಿದ್ದು, ನನ್ನ ಹೆಂಡತಿ ನನಗೆ ಹೇಳಿದ್ದು, ಆದ್ದರಿಂದ ನಿಜ. ಮದುವೆಯಾದ ಎರಡನೇ ವರ್ಷ ಒಮ್ಮೆ ಹೀಗೇ ಕೈ ಖಾಲಿಯಾಗಿ ಇಬ್ಬರೂ ತಲೆಯ ಮೇಲೆ ಕೈಹೊತ್ತು ಕೂತಿದ್ದರಂತೆ. ಒಲೆಯ ಮೇಲಿದ್ದ ಗಂಜಿ ಸೀದು ಪಾತ್ರೆಯೇ ತೂತಾಯಿತು. ಇದ್ದ ಒಂದೇ ಪಾತ್ರೆ! ಅಂದೇ ಜಾನು ಕಾನೂನು ಮಾಡಿದಳು: "ಇಬ್ಬರೂ ಒಟ್ಟಿಗೆ ಚಿಂತೆ ಮಾಡಿದ್ರೆ ಗಂಜಿ ನೋಡುವವರು ಯಾರು? ಸೋಮವಾರ, ಬುಧವಾರ, ಶುಕ್ರವಾರ ನೀವು ಮಾಡಿ. ಮಂಗಳವಾರ, ಗುರುವಾರ, ಶನಿವಾರ ನಾನು ಮಾಡ್ತೇನೆ. ಆದಿತ್ಯವಾರ ರಜೆ." ಒಬ್ಬರ ಸರದಿಯ ದಿನ ಇನ್ನೊಬ್ಬರು ಚಿಂತೆ ಮಾಡುವ ಹಾಗಿಲ್ಲ. ನಗಿಸುವುದು ಮಾತ್ರ ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಇದು ಬಸ್ಸಿನ ಟೈಮಿಗಿಂತ ಸರಿಯಾಗಿ ನಡೆದುಕೊಂಡು ಬಂದಿದೆ.

ಫ್ಯೂಸ್ ಹೋದದ್ದು ಮಂಗಳವಾರ. ಅಂದರೆ ಜಾನುವಿನ ಸರದಿ. ಅವಳು ಒಳಗೆ ನಿಂತ ಗ್ರೈಂಡರಿನ ಮುಂದೆ ಕೂತು ಶಿಸ್ತಾಗಿ ಚಿಂತೆ ಮಾಡುತ್ತಿದ್ದಳು. ಕಣಾರನ್‌ಗೆ ಅಂದು ಚಿಂತೆ ಮಾಡುವ ಅಧಿಕಾರವಿಲ್ಲ. ಹಾಗಾಗಿ ಅಂಗಳದಲ್ಲಿ ನಿಂತು ಖಾಲಿ ಮೀಟರ್ ಪೆಟ್ಟಿಗೆಯನ್ನು ನೋಡಿದ, ಯಾರಿಗೂ ಕಾಣದಿರಲಿ ಎಂದು ಒಂದು ಹಳೆಯ ಕಪ್ಪು ಕೊಡೆಯನ್ನು ಬಿಚ್ಚಿ ಅದರ ಮೇಲೆ ನೇತುಹಾಕಿದ. ಅಷ್ಟರಲ್ಲಿ ಆಚೆ ಮನೆಯ ಕದೀಶುಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಎಪ್ಪತ್ತು ದಾಟಿದ ಮುದುಕಿ. ಅವಳ ಕಣ್ಣಿಗೆ ಬೀಳದೆ ನಮ್ಮ ಓಣಿಯಲ್ಲಿ ಕೋಳಿ ಮೊಟ್ಟೆ ಇಡುವುದಿಲ್ಲ.

"ಎಂತ ಕಣಾರಾ, ಗ್ರೈಂಡರಿನ ಸದ್ದಿಲ್ಲ? ಫ್ಯಾನೂ ತಿರುಗೋದು ಕಾಣೆ. ಕರೆಂಟು ಹೋಯ್ತಾ?"

"ಹೋದದ್ದಲ್ಲ ಉಮ್ಮಾ, ನಾವೇ ಬಿಟ್ಟದ್ದು."

"ಬಿಟ್ಟದ್ದಾ! ಬೀಡಿ ಬಿಟ್ಟ ಹಾಗಾ?"

"ಹಾಗೇ ಅಂದ್ಕೊಳ್ಳಿ. ಪ್ರಕೃತಿ ಜೀವನ. ಕರೆಂಟು ಮೈಗೆ ಒಳ್ಳೇದಲ್ಲ. ಫ್ಯಾನಿನ ಗಾಳಿ ಸತ್ತ ಗಾಳಿ, ಗ್ರೈಂಡರಿನ ಹಿಟ್ಟು ಸತ್ತ ಹಿಟ್ಟು."

ಸರದಿಯಲ್ಲದ ದಿನ ಹಗುರ ಮನಸ್ಸಿನಿಂದ ಆಡಿದ ಮಾತು. ಒಳಗೆ ಜಾನುವಿಗೂ ಕೇಳಿ ನಗು ಬಂತಂತೆ. ಕದೀಶುಮ್ಮ ಕೊಡೆಯನ್ನು ಒಮ್ಮೆ, ಕಣಾರನನ್ನು ಒಮ್ಮೆ ನೋಡಿ, "ಹೌದಾ?" ಎಂದು ಒಳಗೆ ಹೋದಳು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಕ್ಕೆ ಇದೇನು ಬೇರೆ ಊರಾ? ನಮ್ಮೂರಲ್ಲಿ ಬೆಕ್ಕು ತೆಂಗಿನ ಮರ ಹತ್ತಿ ಕೂತರೂ ಮೊದಲು ಒಂದು ಸಮಿತಿ ಆಗುತ್ತದೆ, ಅಧ್ಯಕ್ಷರ ಆಯ್ಕೆಯಾಗುತ್ತದೆ, ಬೆಕ್ಕು ತಾನಾಗಿ ಇಳಿದುಹೋದ ಮೇಲೆ ವಂದನಾರ್ಪಣೆಯಾಗುತ್ತದೆ. ಸಂಜೆಯೊಳಗೆ ಸುದ್ದಿ ವಾಚನಾಲಯಕ್ಕೆ ಬಂತು. ನಮ್ಮ ವಾಚನಾಲಯದ ಅಧ್ಯಕ್ಷರು ಕೇಳುಕ್ಕುಟ್ಟಿ ಮಾಷ್. ಮಾಷ್ ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ಪಾಠ ಮಾಡುವುದರಿಂದ ಅಲ್ಲ. ಅವರು ಪೇಪರ್ ಮಡಚಿಟ್ಟು ನನ್ನನ್ನೂ ಕರೆದುಕೊಂಡು ಕಣಾರನ್ ಮನೆಗೆ ನಡೆದರು.

ಅಂಗಳಕ್ಕೆ ಕಾಲಿಟ್ಟವರೇ ಮೀಟರಿನ ಮೇಲೆ ತೂಗುತ್ತಿದ್ದ ಕಪ್ಪು ಕೊಡೆಯನ್ನು ಕಂಡು ನಿಂತುಬಿಟ್ಟರು.

"ನೋಡಿದ್ಯಾ," ಎಂದರು ನನಗೆ ಪಿಸುಮಾತಿನಲ್ಲಿ. "ಕಪ್ಪು ಬಾವುಟ! ಕರೆಂಟಿನ ವಿರುದ್ಧ ಕಪ್ಪು ಬಾವುಟ ಪ್ರದರ್ಶನ! ಎಷ್ಟು ಸರಳ, ಎಷ್ಟು ಗಟ್ಟಿ! ನಮಗೆ ಯಾರಿಗಾದರೂ ಹೊಳೀತಾ ಇದು?"

ಹೊಳೆದಿರಲಿಲ್ಲ ಎಂದು ನಾನು ಒಪ್ಪಿಕೊಂಡೆ.

ಒಳಗೆ ಜಾನು ಕೋಳಿಗೂಡಿನ ಕೆಳಗಿದ್ದ ಅತ್ತೆಯ ಕಾಲದ ರುಬ್ಬುಗಲ್ಲನ್ನು ಉರುಳಿಸಿ ತಂದು ತೊಳೆದು, ನೆನೆದ ಅಕ್ಕಿ ಹಾಳಾಗದಿರಲಿ ಎಂದು ಕೈಯಲ್ಲೇ ರುಬ್ಬುತ್ತಿದ್ದಳು. ಮಾಷ್ ಅದನ್ನು ಕಂಡು ಕಣ್ಣು ಮುಚ್ಚಿ ತಲೆದೂಗಿದರು. ದಂಪತಿ ಒಂದು ಹೊತ್ತು ಮಾತ್ರ ಗಂಜಿ ಉಣ್ಣುತ್ತಾರೆಂದು ಕೇಳಿ "ಮಿತಾಹಾರ!" ಎಂದರು. ಚಹಾ ಕೊಡಲು ಹಾಲು ಸಕ್ಕರೆ ಇಲ್ಲವೆಂದಾಗ "ಬಿಳೀ ವಿಷ ಬಿಟ್ಟಿದ್ದಾರೆ!" ಎಂದರು. ಕಣಾರನ್ ಏನಾದರೂ ಹೇಳುವ ಮೊದಲೇ ಮಾಷ್ ಅದರ ಅರ್ಥ ಹೇಳಿಬಿಡುತ್ತಿದ್ದರು. ಪಾಪದವನಿಗೆ ಸುಳ್ಳು ಹೇಳುವ ಕಷ್ಟವನ್ನೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಕದೀಶುಮ್ಮ ಪಾತ್ರೆ ಹಿಡಿದು ಬಂದಳು.

"ಕೈಯಲ್ಲಿ ರುಬ್ಬಿದ ಹಿಟ್ಟಂತೆ. ಎಷ್ಟು?"

"ಅದೇ ರೇಟು ಉಮ್ಮಾ," ಎಂದಳು ಜಾನು.

"ಅದೇ ರೇಟಾ? ಬುದ್ಧಿ ಉಂಟಾ ನಿನಗೆ? ಜೀವ ಇರುವ ಹಿಟ್ಟು, ಸತ್ತ ಹಿಟ್ಟು ಎರಡಕ್ಕೂ ಒಂದೇ ರೇಟಾ? ಹಿಡಿ, ಎರಡರಷ್ಟು!" ಎಂದು ದುಡ್ಡನ್ನು ರುಬ್ಬುಗಲ್ಲಿನ ಪಕ್ಕ ಕುಕ್ಕಿ, ಹಿಟ್ಟು ತೆಗೆದುಕೊಂಡು, ಓಣಿಯಲ್ಲಿ ಎದುರಾದ ಎಲ್ಲರಿಗೂ, "ಎರಡರಷ್ಟು ಕೊಟ್ಟೆ, ಇನ್ನೂ ಕೊಡ್ಬೇಕಿತ್ತು" ಎಂದು ಸಾರಿಕೊಂಡು ಹೋದಳು. ಒಂದು ವಸ್ತುವಿಗೆ ಎರಡರಷ್ಟು ದರವೆಂದರೆ ನಮ್ಮವರಿಗೆ ಅದರ ಮೇಲೆ ತನ್ನಿಂತಾನೇ ನಂಬಿಕೆ ಬರುತ್ತದೆ. ವಾರದೊಳಗೆ ಹತ್ತು ಮನೆ ಇಪ್ಪತ್ತೆಂಟಾಯಿತು.

ಶಿಷ್ಯರೂ ಹೆಚ್ಚಿದರು. ಮೊದಲಿಗೆ ಮಾಷ್, ಆಮೇಲೆ ನಾನು, ಆಮೇಲೆ ಯಾರು ಬೇಕಾದರೂ. ಮಾಷ್ ಮನೆಯ ಫ್ಯಾನು ನಿಂತಿತು. ಅವರ ಹೆಂಡತಿ ತವರಿಗೆ ಹೊರಟರು. ನಾನು ಹಾಗಲಕಾಯಿ ಶುರು ಮಾಡಿದೆ. ಅದು ಯಾರು ಹೇಳಿದ್ದೆಂದು ಈಗಲೂ ನೆನಪಾಗುವುದಿಲ್ಲ, ಕಣಾರನ್ ಖಂಡಿತ ಹೇಳಿರಲಿಲ್ಲ. ಅವನಿಗೋ ದೊಡ್ಡ ಸಂಕಟ ಚಹಾದ್ದು. ದಿನಕ್ಕೆ ಐದು ಸಲ ಚಹಾ ಕುಡಿಯುತ್ತಿದ್ದ ಮನುಷ್ಯ ಈಗ ಊರೆದುರು ಕುಡಿಯುವ ಹಾಗಿಲ್ಲ. ಒಂದು ಸಂಜೆ ತಡೆಯಲಾರದೆ ಚಾತ್ತುವಿನ ಚಹಾದಂಗಡಿಯ ಮುಂದೆ ಮೂರಡಿ ದೂರ ನಿಂತು ಕಣ್ಣು ಮುಚ್ಚಿ ಮೂಗರಳಿಸಿದ. ಅದನ್ನು ಕಂಡ ಇಬ್ಬರು "ಆವಿ ಚಿಕಿತ್ಸೆ" ಎಂದು ತಾವೂ ಪಕ್ಕದಲ್ಲಿ ನಿಂತರು. ಮೂರು ದಿನದಲ್ಲಿ ಅಲ್ಲಿ ಸಾಲು.

"ಕುಡಿಯುವುದಾದರೆ ಕುಡೀರಿ, ಮೂಸ್ತಾ ನಿಲ್ಲಬೇಡಿ!" ಎಂದು ಚಾತ್ತು ಕಿರುಚಿದ. "ನಿಮ್ಮ ಹನ್ನೆರಡು ಮೂಗಿಗೆ ನನ್ನ ಒಂದು ಲೋಟವೂ ಖರ್ಚಾಗ್ಲಿಲ್ಲ ಮಾರಾಯ್ರೆ!"

ಈ ವೈಭವದ ನಡುವೆ ಯಾರೂ ಗಮನಿಸದೆ ಇದ್ದದ್ದು ಒಂದೇ, ಜಾನುವಿನ ಬಲಗೈ. ಇಪ್ಪತ್ತೆಂಟು ಮನೆಯ ಹಿಟ್ಟನ್ನು ಕೈಯಲ್ಲಿ ರುಬ್ಬುವುದೆಂದರೆ ತಮಾಷೆಯಲ್ಲ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಎರಡನೇ ವಾರಕ್ಕೆ ಅವಳ ಭುಜ ಹಿಡಿದುಕೊಂಡಿತು. ತಲೆ ಬಾಚಲು ಕೈ ಏಳುತ್ತಿರಲಿಲ್ಲ. ಓಣಿಯವರಿಗೆ ಕಾಣದಿರಲಿ ಎಂದು ಕಣಾರನ್ ಕಿಟಕಿಗೆ ಕೊಡೆಬಟ್ಟೆ ಕಟ್ಟಿ, ತಾನೇ ರುಬ್ಬಲು ಕೂತ. ಮೂವತ್ತು ವರ್ಷ ಕೊಡೆಯ ಕಡ್ಡಿ ಹಿಡಿದ ಕೈ, ಗುಂಡುಕಲ್ಲು ಅವನ ಮಾತು ಕೇಳಬೇಕಲ್ಲ! ಮೊದಲ ದಿನ ಹೆಬ್ಬೆರಳು ಜಜ್ಜಿಕೊಂಡ. ಎರಡನೇ ದಿನ ಅಕ್ಕಿ ರವೆಯಾಗಿ ಉಳಿಯಿತು, ಮಾಷ್ ಆ ಹಿಟ್ಟಿನ ದೋಸೆ ತಿಂದು "ಧಾನ್ಯದ ನಿಜರೂಪ ನಾಲಗೆಗೆ ಸಿಗ್ತದೆ" ಎಂದರು. ಮೂರನೇ ದಿನ ಜಾನು ಅವನನ್ನು ಎಬ್ಬಿಸಿ ಮತ್ತೆ ತಾನೇ ಕೂತಳು, ಎಡಗೈಯಿಂದ.

ಆದರೂ ಎರಡರಷ್ಟು ದರದ ದೆಸೆಯಿಂದ ಬಿಲ್ಲಿನ ದುಡ್ಡು ಸೇರಿತು. ಜಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ಬಿಲ್ಲು ಕಟ್ಟಿ, ರಸೀದಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಅಂದು ಬುಧವಾರ, ಕಣಾರನ್ ಸರದಿ. ಜಗಲಿಯಲ್ಲಿ ಕೂತು ಚಿಂತೆ ಮಾಡುತ್ತಿದ್ದವನ ತೊಡೆಯ ಮೇಲೆ ರಸೀದಿ ಇಟ್ಟಳು.

"ಇನ್ನು ಪವಿತ್ರನ್ ಬಂದು ಫ್ಯೂಸ್ ಹಾಕಿದರಾಯ್ತು. ನಾಳೆಯಿಂದ ಗ್ರೈಂಡರು."

ಕಣಾರನ್ ಮುಖ ಅರಳಿತು, ಅರಳಿದ ವೇಗದಲ್ಲೇ ಬಾಡಿತು.

"ಜಾನೂ... ಕರೆಂಟು ಬಂದರೆ ಊರಿಗೆ ಎಂತ ಹೇಳೋದು?"

"ಕರೆಂಟು ಬಂತು ಅಂತ ಹೇಳೋದು."

"ಹಾಗಲ್ಲ ಮಾರಾಯ್ತಿ. ಈ ಶುಕ್ರವಾರ ನಾಲ್ಕು ಗಂಟೆಗೆ ವಾಚನಾಲಯದವರು ನನಗೆ ಸನ್ಮಾನ ಇಟ್ಟಿದ್ದಾರೆ. ನಮ್ಮ ಅಂಗಳದಲ್ಲೇ. ಶಾಲು ತಂದಾಗಿದೆ. ಹೆಸರು ಕೆತ್ತಿಸಿದ ಫಲಕ ಬೇರೆ. ಇದುವರೆಗೆ ಈ ಊರಲ್ಲಿ ಯಾರಾದರೂ ನನ್ನ ಹೆಸರನ್ನು ಎಲ್ಲಾದರೂ ಕೆತ್ತಿಸಿದ್ದಾರಾ? ರೇಷನ್ ಕಾರ್ಡಲ್ಲೇ ತಪ್ಪಾಗಿ ಬರ್ದಿದ್ದಾರೆ!"

ಜಾನು ಅವನನ್ನೇ ನೋಡಿದಳು. ಅವಳಿಗೆ ಸಿಟ್ಟು ಬಂದಿತ್ತಂತೆ, ಆದರೆ ಮೆಟ್ಟಿಲ ಕೆಳಗಿನ ಆ ಗೋಣಿ, ಅದರ ಪಕ್ಕದ ನಾಯಿ ನೆನಪಾಗಿ ಸಿಟ್ಟು ನಿಲ್ಲಲಿಲ್ಲವಂತೆ.

"ಆಯ್ತು," ಎಂದಳು. "ಶುಕ್ರವಾರದವರೆಗೆ. ಅಷ್ಟರ ಮೇಲೆ ಒಂದು ದಿನ ಈ ಕೈಯಲ್ಲಿ ಆಗೋದಿಲ್ಲ. ನಿಜವಾಗಿ ಆಗೋದಿಲ್ಲ ನನಗೆ."

ಕಣಾರನ್ ಓಡಿಹೋಗಿ ಪವಿತ್ರನನ್ನು ಹಿಡಿದ. "ಶುಕ್ರವಾರ ಆರು ಗಂಟೆ ಮೇಲೆ ಬಾ, ಜನ ಹೋದ ಮೇಲೆ. ಹಿಂಬದಿಯಿಂದ ಬಾ."

"ಹಿಂಬದಿಯಿಂದಲಾ? ಕಣಾರೇಟ್ಟಾ, ನಾನು ಲೈನ್‌ಮನ್. ಕಳ್ಳ ಅಲ್ಲ. ಐದು ಗಂಟೆಗೆ ನನ್ನ ಡ್ಯೂಟಿ ಮುಗೀತದೆ. ಶನಿವಾರ, ಆದಿತ್ಯವಾರ ನನ್ನ ಅಕ್ಕನ ಮನೆಯಲ್ಲಿ ಗೃಹಪ್ರವೇಶ. ಶುಕ್ರವಾರ ನಾಲ್ಕೂವರೆಗೆ ಬರ್ತೇನೆ, ಬೇಡ ಅಂದ್ರೆ ಸೋಮವಾರ." ಹೀಗೆ ಹೇಳಿ ಸೈಕಲ್ ಹತ್ತಿ ಹೋದ. ಸರಕಾರಿ ಕೆಲಸದವನೊಬ್ಬ ಟೈಮಿಗೆ ಸರಿಯಾಗಿ ಬರುತ್ತಾನೆಂಬ ಭಯ ನಮ್ಮೂರಲ್ಲಿ ಅಂದೇ ಮೊದಲ ಸಲ ಒಬ್ಬನನ್ನು ಕಾಡಿದ್ದು.

ಶುಕ್ರವಾರ ಬಂತು. ಅಂಗಳದಲ್ಲಿ ಚಪ್ಪರ, ಐವತ್ತು ಕುರ್ಚಿ, ವೇದಿಕೆಗೆ ಎರಡು ಬೆಂಚು. ಕರೆಂಟು ಬಿಟ್ಟವನ ಸನ್ಮಾನಕ್ಕೆ ಮೈಕು ಬೇಕಲ್ಲ, ಅದಕ್ಕೆ ಕದೀಶುಮ್ಮನ ಮನೆಯಿಂದ ವಯರು ಎಳೆದಿದ್ದರು. ಇದರಲ್ಲಿ ಏನೋ ಸರಿಯಿಲ್ಲವೆಂದು ಯಾರಿಗೂ ಅನಿಸಲಿಲ್ಲ. ವಯರು ಎಳೆದವನು ನಾನೇ. ಮಾಷ್ ಮಾತಾಡಿದರು. ಇಪ್ಪತ್ತು ನಿಮಿಷ ಮಾನವನ ಇತಿಹಾಸ, ಹತ್ತು ನಿಮಿಷ ಕಣಾರನ್. "ನಮಗೆಲ್ಲ ಫ್ಯೂಸ್ ಇದೆ, ಆದರೆ ಬೆಳಕಿಲ್ಲ! ಇವರಿಗೆ ಫ್ಯೂಸ್ ಇಲ್ಲ, ಆದರೆ ಬೆಳಕಿದೆ!" ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಕಣಾರನ್ ಇಸ್ತ್ರಿ ಮಾಡಿದ ಮುಂಡು ಉಟ್ಟು ಕೂತಿದ್ದ. ಅವನ ಕಣ್ಣು ಮಾತ್ರ ಬೇಲಿಯ ಗೇಟಿನ ಮೇಲೆ.

ನಾಲ್ಕೂವರೆಗೆ ಸರಿಯಾಗಿ ಗೇಟಿನಲ್ಲಿ ಸೈಕಲ್ ಬೆಲ್ ಕೇಳಿಸಿತು.

"ಕಣಾರೇಟ್ಟಾ, ಫ್ಯೂಸ್ ತಂದಿದ್ದೇನೆ! ಹಾಕಿ ಹೋಗ್ಲಾ?" ಎಂದು ಪವಿತ್ರನ್ ಅಲ್ಲಿಂದಲೇ ಕೂಗಿದ.

ಮಾಷ್ ಮೈಕಿನಲ್ಲಿ ಕೇಳಿದರು: "ಯಾರಪ್ಪಣೆಯಿಂದ?"

"ಆಫೀಸಿನದು ಮಾಷೇ. ಹಾಕ್ಲಿಕ್ಕೆ ಹೇಳಿದ್ದಾರೆ."

"ಕೇಳಿದ್ರಾ!" ಮಾಷ್ ಸಭೆಯತ್ತ ತಿರುಗಿದರು. "ಕರೆಂಟು ಬೇಡ ಅಂದವನ ಮನೆಗೆ ಬಲವಂತವಾಗಿ ಕರೆಂಟು! ಸನ್ಮಾನದ ದಿನವೇ! ಇದು ಕಾಕತಾಳೀಯವಾ?"

ಅಷ್ಟೇ ಸಾಕಾಯಿತು. ಐವತ್ತು ಕುರ್ಚಿಯೂ ಒಟ್ಟಿಗೆ ಖಾಲಿಯಾಯಿತು. ಮುಷ್ಟಿಗಳು ಮೇಲೆದ್ದವು. ನಮ್ಮವರಿಗೆ ಘೋಷಣೆ ಕಟ್ಟಲು ಅರ್ಧ ನಿಮಿಷವೂ ಬೇಡ.

"ಫ್ಯೂಸ್ ಹಾಕಲು ಬಿಡೆವು! ಬಿಡೆವು!"

"ಕಣಾರೇಟ್ಟನ ಕತ್ತಲೆ, ನಮ್ಮ ಕತ್ತಲೆ!"

ಪವಿತ್ರನ್ ಸುತ್ತ ಜನ ಕೋಟೆ ಕಟ್ಟಿದರು. ಪಾಪ, ಅವನು ಒಂದು ಕೈಯಲ್ಲಿ ಸೈಕಲ್, ಇನ್ನೊಂದು ಕೈಯಲ್ಲಿ ಬಿಳೀ ಪಿಂಗಾಣಿಯ ಫ್ಯೂಸ್ ಎತ್ತಿ ಹಿಡಿದು, "ಅಯ್ಯೋ, ದುಡ್ಡು ಕಟ್ಟಿದ್ದಾರೆ ಇವರು!" ಎನ್ನುತ್ತಿದ್ದ. ಯಾರು ಕೇಳುತ್ತಾರೆ? ನಾನೂ ಕೂಗುತ್ತಿದ್ದೆ. ಹಾಗಲಕಾಯಿಯ ಸಿಟ್ಟೆಲ್ಲ ಹೊರಬರುತ್ತಿತ್ತು.

ಕಣಾರನ್‌ಗೆ ಇದಕ್ಕಿಂತ ಸುಲಭದ ದಾರಿ ಸಿಗುತ್ತಿತ್ತಾ? ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಪವಿತ್ರನ್ ಹೆದರಿ ಹಿಂದಿರುಗುತ್ತಿದ್ದ, ಶಾಲು ಹೆಗಲಿಗೆ ಬರುತ್ತಿತ್ತು, ಹೆಸರು ಕೆತ್ತಿದ ಫಲಕ ಮನೆಗೆ ಬರುತ್ತಿತ್ತು. ಮಾಷ್ ಆ ಗದ್ದಲದಲ್ಲೇ ಶಾಲು ಬಿಚ್ಚಿ, "ಈ ಸನ್ಮಾನವೇ ಅವರಿಗೆ ನಮ್ಮ ಉತ್ತರ! ಜಾನೂ, ನೀನೂ ಬಾ, ಸಭೆಗೆ ಕೈಮುಗಿ" ಎಂದರು. ಜಾನು ವೇದಿಕೆ ಹತ್ತಿ ಗಂಡನ ಪಕ್ಕ ನಿಂತಳು. ಕೈಮುಗಿಯಲು ಹೋದಳು. ಎಡಗೈ ಎದೆಯ ಹತ್ತಿರ ಬಂತು, ಬಲಗೈ ಸೊಂಟದಿಂದ ಮೇಲೆ ಬರಲಿಲ್ಲ. ಮತ್ತೆ ಎತ್ತಿ ನೋಡಿದಳು. ಆಗಲಿಲ್ಲ. ಒಂದೇ ಕೈಯನ್ನು ಎದೆಗಿಟ್ಟು ನಕ್ಕು ನಿಂತಳು.

ಕಣಾರನ್ ಅದನ್ನು ನೋಡಿದ. ನಾನು ಕಣಾರನನ್ನು ನೋಡಿದೆ. ಅವನ ಮುಖ ನೋಡಿ ನಾನು ಘೋಷಣೆಯನ್ನು ಅರ್ಧಕ್ಕೇ ಬಿಟ್ಟೆ.

ಅವನು ಎದ್ದು ಮಾಷ್ ಕೈಯಿಂದ ಮೈಕು ಕಸಿದುಕೊಂಡ. "ಪವಿತ್ರಾ, ಫ್ಯೂಸ್ ಹಾಕು!"

ಜನ ತಿರುಗಿ ನೋಡಿದರು.

"ನಾನು ಕರೆಂಟು ಬಿಟ್ಟದ್ದಲ್ಲ. ಬಿಲ್ಲು ಕಟ್ಟಲು ದುಡ್ಡಿರಲಿಲ್ಲ. ಫ್ಯೂಸ್ ಕಿತ್ಕೊಂಡು ಹೋದ್ರು. ಪ್ರಕೃತಿಯೂ ಇಲ್ಲ, ಮಣ್ಣೂ ಇಲ್ಲ. ನಾಚಿಕೆಗೆ ಸುಳ್ಳು ಹೇಳಿದೆ. ಅಷ್ಟೇ ಸಂಗತಿ."

ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ ಮಾಷ್ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು.

"ಒತ್ತಡ! ಸ್ನೇಹಿತರೇ, ಇದು ಒತ್ತಡದ ಹೇಳಿಕೆ! ಎಂಥಾ ಬೆದರಿಕೆ ಹಾಕಿದ್ದಾರೋ, ಈ ಮನುಷ್ಯ ತನ್ನನ್ನೇ ಸುಳ್ಳುಗಾರ ಅಂತ ಹೇಳ್ಕೊಳ್ತಾ ಇದ್ದಾನೆ!"

"ಬೆದರಿಕೆಗೆ ಬಗ್ಗೆವು! ಬಗ್ಗೆವು!" ಎಂದಿತು ಅಂಗಳ.

"ಬೆದರಿಕೆ ಅಲ್ಲ ಮಾಷೇ, ನಿಜ!" ಕಣಾರನ್ ಅಳುವುದೊಂದು ಬಾಕಿ. "ನನಗೆ ಚಹಾ ಬೇಕು! ದಿನಕ್ಕೆ ಐದು! ಆವಿ ಚಿಕಿತ್ಸೆಯಲ್ಲ, ನಿಮ್ಮೆದುರು ಕುಡಿಯಲಾಗದೆ ವಾಸನೆ ನೋಡ್ತಾ ನಿಂತದ್ದು!"

"ಎಂಥಾ ವಿನಯ!" ಎಂದು ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಚಪ್ಪಾಳೆ. ನಾನು ಆಣೆಯಿಟ್ಟು ಹೇಳುತ್ತೇನೆ, ಚಪ್ಪಾಳೆ! ಸತ್ಯ ಹೇಳಿ ಇಷ್ಟು ಕಷ್ಟಕ್ಕೆ ಸಿಕ್ಕಿಕೊಂಡವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಗ ಜಾನು ಮೈಕಿಗೆ ಬಂದಳು. ಎಡಗೈಯಲ್ಲಿ ಹಿಡಿದಳು.

"ಆಯ್ತು, ಕರೆಂಟು ಬೇಡ," ಎಂದಳು ಮೆಲ್ಲಗೆ. "ನೀವೆಲ್ಲ ಇಷ್ಟು ಹೇಳುವಾಗ ಬೇಡ ಅಂದ್ರೆ ಬೇಡ. ಹಿಟ್ಟು ರುಬ್ಬಲೇಬೇಕಲ್ಲ, ನನ್ನ ಕೈ ಏಳೋದಿಲ್ಲ. ಇವರಿಗೆ ರುಬ್ಬಲು ಬರೋದಿಲ್ಲ, ಮಾಷ್ ತಿಂದಿದ್ದಾರೆ, ಗೊತ್ತುಂಟು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ನಾಳೆಯಿಂದ ಯಾರ್ಯಾರು ಬರ್ತೀರಿ ಅಂತ ಕೈ ಎತ್ತಿ. ಬರ್ಕೊಳ್ತೇನೆ."

ಮೇಲೆದ್ದಿದ್ದ ಮುಷ್ಟಿಗಳೆಲ್ಲ ಕೆಳಗಿಳಿದವು. ಅಷ್ಟು ವೇಗದಲ್ಲಿ ಕೈಗಳು ಇಳಿದದ್ದನ್ನು ನಾನು ಯಾವ ಸಭೆಯಲ್ಲೂ ಕಂಡಿಲ್ಲ. ಒಬ್ಬನಿಗೆ ಸೊಂಟ, ಒಬ್ಬನಿಗೆ ಮಂಡಿ, ಒಬ್ಬನಿಗೆ ನಾಳೆ ತಲಶ್ಶೇರಿಯಲ್ಲಿ ಮದುವೆ.

"ಮಾಷೇ, ನೀವು?" ಎಂದಳು ಜಾನು.

ಮಾಷ್ ಕನ್ನಡಕ ತೆಗೆದು ಒರೆಸಿದರು. "ಅದೇನೆಂದರೆ ಜಾನೂ... ಪ್ರಕೃತಿಯಲ್ಲಿ ವಿದ್ಯುತ್ತೂ ಒಂದು ಭಾಗವೇ. ಈಗ ಮಿಂಚು ನೋಡು."

"ಸರಿಯಾಗಿ ಹೇಳಿದ್ರಿ!" ಎಂದರು ಎಲ್ಲರೂ ಒಟ್ಟಿಗೆ. ನಾನೂ ಹೇಳಿದೆ.

ಕೋಟೆ ಕರಗಿತು. ಪವಿತ್ರನ್ ಸೈಕಲ್ಲನ್ನು ಬೇಲಿಗೆ ಒರಗಿಸಿ ಬಂದು, ಮೀಟರಿನ ಮೇಲಿನ ಕೊಡೆ ತೆಗೆದು ಮಡಚಿ ನನ್ನ ಕೈಗೆ ಕೊಟ್ಟು, ಫ್ಯೂಸ್ ಒತ್ತಿದ. ಆ ಮಂಗಳವಾರದ ಗಾಬರಿಯಲ್ಲಿ ಒಂದು ಸ್ವಿಚ್ಚನ್ನೂ ಯಾರೂ ಆರಿಸಿರಲಿಲ್ಲ. ಒಳಗೆ ಫ್ಯಾನು ತಿರುಗಿತು, ರೇಡಿಯೋ ಕೂಗಿತು, ಖಾಲಿ ಗ್ರೈಂಡರು ಗಡಗಡ ಗಡಗಡವೆಂದು ಇಡೀ ಮನೆ ನಡುಗುವ ಹಾಗೆ ಎದ್ದಿತು. ಜಾನು ವೇದಿಕೆಯಿಂದ ಹಾರಿ ಒಳಗೆ ಓಡಿದಳು. ಕಾರ್ಯಕ್ರಮ ಪಟ್ಟಿಯಲ್ಲಿ ಇತ್ತೆಂಬ ಕಾರಣಕ್ಕೆ ನಾನು ಆ ಸದ್ದಿನ ನಡುವೆಯೇ ವಂದನಾರ್ಪಣೆ ಮಾಡಿದೆ. ಪವಿತ್ರನಿಗೂ ವಂದನೆ ಹೇಳಿದೆ.

ಜನ ಚದರಿದ ಮೇಲೆ ಫಲಕ ಬೆಂಚಿನ ಮೇಲೇ ಉಳಿದಿತ್ತು. ಕೊಡಬೇಕೋ ಬೇಡವೋ ಎಂದು ಮಾಷ್ ಹೇಳಿರಲಿಲ್ಲ. ನಾನು ತೆಗೆದುಕೊಂಡು ಹಿತ್ತಲ ಕಡೆ ಹೋದಾಗ ಅಲ್ಲಿ ಕದೀಶುಮ್ಮ ಪಾತ್ರೆ ಹಿಡಿದು ನಿಂತಿದ್ದಳು. ಕಣಾರನ್ ತಲೆ ತಗ್ಗಿಸಿ ಅವಳಿಗೆ ಹಿಟ್ಟು ಹಾಕುತ್ತಿದ್ದ.

"ಉಮ್ಮಾ, ಇನ್ನು ಹಳೇ ರೇಟು. ನಾಳೆಯಿಂದ ಗ್ರೈಂಡರಿನದ್ದು. ಇಷ್ಟು ದಿನ ನಿಮಗೆಲ್ಲ ಮೋಸ ಮಾಡಿದೆ."

"ನನಗೆಲ್ಲಿ ಮೋಸ?" ಎಂದಳು ಕದೀಶುಮ್ಮ. "ಪವಿತ್ರನ್ ಫ್ಯೂಸ್ ಕಿತ್ತದ್ದನ್ನು ನನ್ನ ಅಡಿಗೆಮನೆ ಕಿಟಕಿಯಿಂದಲೇ ನೋಡಿದ್ದೇನೆ. ಮೀಟರಿಗೆ ಕೊಡೆ ಹಿಡಿದವನನ್ನು ಈ ಜನ್ಮದಲ್ಲಿ ಮೊದಲ ಸಲ ಕಂಡದ್ದು."

ಕಣಾರನ್ ಕೈಯ ಸೌಟು ನಿಂತಿತು. "ಗೊತ್ತಿದ್ದೂ ಎರಡರಷ್ಟು ಕೊಟ್ರಾ?"

"ಸುಮ್ಮನೆ ಕೊಟ್ಟಿದ್ರೆ ತಗೊಳ್ತಿದ್ಯಾ ನೀನು? ನಿನ್ನ ಜಂಬಕ್ಕೆ ದುಡ್ಡನ್ನು ಹಿಟ್ಟಿನೊಳಗೆ ಅಡಗಿಸಿ ಕೊಡ್ಬೇಕಾಯ್ತು. ಪಾಪ ಅವಳ ಕೈ ಹೋದದ್ದು ನನ್ನ ಲೆಕ್ಕದಲ್ಲಿರಲಿಲ್ಲ, ಅದಕ್ಕೆ ನನಗೂ ಬೇಜಾರುಂಟು. ಬಿಸಿ ಎಣ್ಣೆ ತರ್ತೇನೆ, ತಿಕ್ಕು." ಮುದುಕಿ ಪಾತ್ರೆ ಎತ್ತಿಕೊಂಡು, ನನ್ನ ಕೈಯಲ್ಲಿದ್ದ ಫಲಕವನ್ನು ನೋಡಿ, "ಇದು ಹಿಟ್ಟಿನ ಪಾತ್ರೆಗೆ ಮುಚ್ಚಳ ಆಗ್ತದೆ" ಎಂದು ಹೋದಳು.

ಕಣಾರನ್ ಫಲಕ ತೆಗೆದುಕೊಂಡು ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ನಿಜವಾಗಿಯೂ ಅದನ್ನು ಹಿಟ್ಟಿನ ಪಾತ್ರೆಯ ಮೇಲೆ ಮುಚ್ಚಿದ. ಸರಿಯಾಗಿ ಕೂತಿತು. ಅಷ್ಟರಲ್ಲಿ ಜಾನು ಎರಡು ಲೋಟ ಚಹಾ ತಂದಳು, ಒಂದನ್ನು ನನಗೆ ಕೊಟ್ಟು, ಒಂದನ್ನು ಅವನ ಕೈಗಿಟ್ಟಳು. ಅವನು ಮೂಸಿ ನೋಡಲಿಲ್ಲ, ಒಂದೇ ಸಲಕ್ಕೆ ಅರ್ಧ ಕುಡಿದ.

"ಇವತ್ತು ಶುಕ್ರವಾರ," ಎಂದಳು ಜಾನು. "ಚಿಂತೆ ಮಾಡೋ ಸರದಿ ನಿಮ್ಮದು. ಊರೆದುರು ಮಾನ ಹೋಯ್ತು, ಹಿಟ್ಟಿನ ರೇಟು ಹೋಯ್ತು, ವಿಷುವಿಗೆ ಎಂಟು ದಿನ ಉಂಟು. ಆಗಿಂದ ನೋಡ್ತಿದ್ದೇನೆ, ಒಂದು ನಿಮಿಷವೂ ಚಿಂತೆ ಮಾಡ್ಲಿಲ್ಲ ನೀವು!"

ಕಣಾರನ್ ಯೋಚಿಸಿದ. "ಬಾಕಿ ಇಡು. ಸೋಮವಾರ ಎರಡೂ ಸೇರಿಸಿ ಮಾಡ್ತೇನೆ."

ಜಾನುವಿಗೆ ನಗು ತಡೆಯಲಾಗಲಿಲ್ಲ. ಅವನ ತಲೆಗೆ ಮೊಟಕಲೆಂದು ಬಲಗೈ ಎತ್ತಿದಳು. ಕೈ ಸೊಂಟದ ಹತ್ತಿರವೇ ನಿಂತಿತು. ಕಣಾರನ್ ಚಹಾದ ಲೋಟ ಕೆಳಗಿಟ್ಟು, ಅವಳ ಮುಂದೆ ಮಂಡಿಯೂರಿ ಕೂತು, ತಲೆಯನ್ನು ಅವಳ ಕೈಗೆ ಎಟುಕುವಷ್ಟು ಬಗ್ಗಿಸಿಕೊಟ್ಟ.